ಹೂವಿನ ಗಿಡವಾದ ಹುಡುಗಿ

ಜನಪದ ಕಥೆಗೆ ಇಸವಿ ಇಲ್ಲ. ಇತಿಹಾಸ ಪಾಠ ಮಾಡುವ ನನ್ನಂಥವಳಿಗೆ ಅದೊಂದು ತೊಡಕು. ಗಿಡವಾಗಿ ಹೂ ಬಿಡುವ ಹುಡುಗಿಯ ಕಥೆಯನ್ನು ನಮ್ಮ ಹೆಂಗಸರು ಹೇಳಿಕೊಂಡು ಬಂದರು. ಅದನ್ನು ಹೊರಜಗತ್ತಿಗೆ ಮುಟ್ಟಿಸಿದವರು ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್. 1992ರಲ್ಲಿ ಗಿರೀಶ ಕಾರ್ನಾಡರು ಇದನ್ನೇ ‘ಚೆಲುವಿ’ ಚಿತ್ರ ಮಾಡಿದರು. 2006ರಲ್ಲಿ ವಿಯೆನ್ನಾದಲ್ಲಿ ಇದು ಜಾನ್ ಆಡಮ್ಸ್‌ರ ಸಂಗೀತನಾಟಕವೂ ಆಯಿತು.

ಬಡವಿಯ ಕಿರಿಮಗಳು ಅಕ್ಕನಿಂದ ಎರಡು ಬಿಂದಿಗೆ ನೀರು ತರಿಸುತ್ತಾಳೆ. ಒಂದು ಸುರಿದರೆ ಗಿಡ. ಹೂ ಬಿಡಿಸಿ ಇನ್ನೊಂದು ಸುರಿದರೆ ಮತ್ತೆ ಹುಡುಗಿ. ಉಗುರು ತಾಕಬಾರದು, ರೆಂಬೆ ಮುರಿಯಬಾರದು. ಆ ಹೂ ಮಾರಿ ಮನೆಗೆ ನಾಲ್ಕು ಕಾಸು ಬರುತ್ತದೆ. ರಾಜಕುಮಾರ ಅಡಗಿ ನೋಡಿ, ಅವಳನ್ನೇ ಮದುವೆಯಾಗಿ, ತನಗಾಗಿ ಗಿಡವಾಗೆಂದು ಹಟ ಹಿಡಿಯುತ್ತಾನೆ. ನಾದಿನಿ ಗೆಳತಿಯರೊಡನೆ ಅವಳನ್ನು ತೋಟಕ್ಕೆ ಒಯ್ದು, ಹೇಗೆಂದರೆ ಹಾಗೆ ರೆಂಬೆ ಮುರಿದು, ಮಳೆ ಬಂತೆಂದು ಓಡುತ್ತಾಳೆ. ಉಳಿದದ್ದು ಕೈಕಾಲಿಲ್ಲದ ಮೊಂಡು ದೇಹ.

ಇದನ್ನು ನಾದಿನಿಯ ಹೊಟ್ಟೆಕಿಚ್ಚಿನ ಕಥೆಯೆಂದು ಮುಗಿಸಿಬಿಡುವುದುಂಟು. ನಾನು ಒಪ್ಪುವುದಿಲ್ಲ. ಬಾಡಿದ ಹೂ ಕಿಟಕಿಯಾಚೆ ರಾಶಿ ಬಿದ್ದದ್ದರಿಂದಲೇ ಅಲ್ಲವೇ ಅವಳಿಗೆ ಗುಟ್ಟು ಸಿಕ್ಕಿದ್ದು? ಆ ರಾಶಿ ಗಂಡನ ಪ್ರೀತಿಯದು! ಅಕ್ಕನೊಬ್ಬಳೇ ಹೇಳಿದ ಕ್ರಮ ಪಾಲಿಸಿದವಳು. ಗಿಡವಾದವಳು ಬೇಡವೆಂದು ಕೂಗಲಾರಳು. ತನ್ನಲ್ಲಿ ಅಂಥ ಶಕ್ತಿಯಿದೆಯೆಂದು ಅರಿತಷ್ಟೇ, ಅದನ್ನು ಯಾರ ಕೈಗೆ ಕೊಡಬೇಕೆಂಬುದೂ ಅವಳು ಅರಿಯಬೇಕಾದ ಮಾತು.

ಕೊನೆಗೆ ಭಿಕಾರಿಯಾಗಿ ಅಲೆದ ಗಂಡ ಅವಳನ್ನು ಕಾಣುತ್ತಾನೆ. ಅವಳು ನಡೆದದ್ದನ್ನೆಲ್ಲ ತಾನೇ ಹೇಳುತ್ತಾಳೆ. ಅವನು ಅವಳು ಹೇಳಿದಂತೆ ನೀರು ಸುರಿದು, ಮುರಿದ ರೆಂಬೆಗಳನ್ನು ಒಂದೊಂದಾಗಿ ಸರಿಪಡಿಸುತ್ತಾನೆ.