ಯೆಹೂದ್ಯ ಪಂಡಿತರೂ ಬೈಬಲ್ಲಿನ ಅರ್ಥವಿಚಾರವೂ

ಒಂದೇ ಶಾಸ್ತ್ರವನ್ನು ಎರಡು ಮತದವರು ಪ್ರಮಾಣವೆಂದೊಪ್ಪಿದಾಗ ವಿವಾದವೆಲ್ಲವೂ ಅದರ ಅರ್ಥದ ಮೇಲೆ ನಿಲ್ಲುತ್ತದೆ. ಚಿಂತಾಮಣಿಯ ಸೀಮೆಗೆ ದೂರವಲ್ಲದ ಮುಳಬಾಗಿಲಿನಲ್ಲಿ ಹದಿನಾಲ್ಕನೆಯ ಶತಮಾನದಲ್ಲಿ ಅಕ್ಷೋಭ್ಯತೀರ್ಥರಿಗೂ ವಿದ್ಯಾರಣ್ಯರಿಗೂ ‘ತತ್ತ್ವಮಸಿ’ ಎಂಬ ಮಹಾವಾಕ್ಯದ ವಿಷಯವಾಗಿ ವಾದವು ನಡೆಯಿತೆಂದು ಮಾಧ್ವ ಸಂಪ್ರದಾಯವು ಹೇಳುತ್ತದೆ. ಹಿಂದಿನ ಪದದೊಡನೆ ಕೂಡಿದ ಸಂಧಿಯನ್ನು ಬಿಡಿಸುವ ಬಗೆಯಿಂದಲೇ ಜೀವಬ್ರಹ್ಮರ ಅಭೇದವೂ ಭೇದವೂ ಅಲ್ಲಿ ಹೊರಡುವುವು. ಯೂರೋಪಿನ ಮಧ್ಯಯುಗದಲ್ಲಿ ಯೆಹೂದ್ಯರಿಗೂ ಕ್ರೈಸ್ತರಿಗೂ ನಡೆದ ವಿವಾದವು ಇದೇ ಬಗೆಯದು. ಆದರೆ ಅಲ್ಲಿ ವಾದಿ ಪ್ರತಿವಾದಿಗಳು ಸಮಾನರಾಗಿರಲಿಲ್ಲ.

ಯೆಹೂದ್ಯರ ಧರ್ಮಗ್ರಂಥವನ್ನೇ ಕ್ರೈಸ್ತರು ‘ಹಳೆಯ ಒಡಂಬಡಿಕೆ’ಯೆಂದು ಸ್ವೀಕರಿಸಿ, ಅದರಲ್ಲಿ ಯೇಸುವಿನ ಆಗಮನದ ಸೂಚನೆಗಳನ್ನು ಕಂಡರು. ಪ್ರವಾದಿಯಾದ ಯೆಶಾಯನ ಗ್ರಂಥದ ಏಳನೆಯ ಅಧ್ಯಾಯದಲ್ಲಿ, ಮಗನನ್ನು ಹೆರುವವಳಿಗೆ ‘ಅಲ್ಮಾ’ ಎಂಬ ಹೀಬ್ರೂ ಪದವು ಪ್ರಯೋಗವಾಗಿದೆ. ಪ್ರಾಚೀನ ಗ್ರೀಕ್ ಭಾಷಾಂತರದಲ್ಲಿ ಇದು ‘ಕನ್ಯೆ’ ಎಂದಾಯಿತು. ಕ್ರೈಸ್ತರು ಅವಳನ್ನು ಮರಿಯಳೆಂದು ತಿಳಿದರು. ನಾರ್ಬೋನಿನ ದಾವೀದ ಕಿಮ್ಹಿಯು (ಸು. 1160–1235) ಆ ಪದಕ್ಕೆ ಪ್ರಾಯದ ಹೆಣ್ಣೆಂದಷ್ಟೇ ಅರ್ಥವೆಂದೂ, ಆಹಾಜ ರಾಜನ ಭಯವನ್ನು ನೀಗಲು ಕೊಟ್ಟ ಗುರುತು ಅನೇಕ ಶತಮಾನಗಳ ತರುವಾಯ ಫಲಿಸಿದರೆ ಅವನಿಗೇನು ಧೈರ್ಯವೆಂದೂ ಉತ್ತರವಿತ್ತನು. ಹೀಗೆ ವ್ಯಾಕರಣವೂ ಪ್ರಕರಣವೂ ಈ ಪಂಡಿತರಿಗೆ ಆಸರೆಯಾದುವು.

1263ರ ಜುಲೈ ತಿಂಗಳಲ್ಲಿ ಅರಗಾನಿನ ದೊರೆಯಾದ ಒಂದನೆಯ ಜೇಮ್ಸನು ಬಾರ್ಸೆಲೋನಾದಲ್ಲಿ ಸಭೆಯನ್ನು ಕೂಡಿಸಿದನು. ವಾದಿಯು ಯೆಹೂದ್ಯನಾಗಿ ಹುಟ್ಟಿ ಕ್ರೈಸ್ತ ಸನ್ಯಾಸಿಯಾದ ಪಾಬ್ಲೊ ಕ್ರಿಸ್ತಿಯಾನಿ. ಪ್ರತಿವಾದಿಯು ಜೆರೋನಾದ ಮೋಶೆ ಬೆನ್ ನಹ್ಮಾನ್. ಯೆಹೂದ್ಯರ ತಾಲ್ಮೂದಿನಲ್ಲಿ ಬರುವ ಕಥೆಗಳಿಂದಲೇ ಮೆಸ್ಸೀಯನು ಬಂದಾಯಿತೆಂದು ಸಾಧಿಸಲು ಪಾಬ್ಲೊ ಯತ್ನಿಸಿದನು. ವಿಧಿವಾಕ್ಯಗಳು ಬೇರೆ, ಕಥಾಭಾಗವು ಬೇರೆ, ಕಥೆಯನ್ನು ನಂಬಲೇಬೇಕೆಂಬ ನಿರ್ಬಂಧವಿಲ್ಲವೆಂದು ನಹ್ಮಾನನು ನುಡಿದನು. ಮೆಸ್ಸೀಯನ ಕಾಲದಲ್ಲಿ ಯುದ್ಧವು ನಿಲ್ಲುವುದೆಂದು ಪ್ರವಾದಿಗಳು ಹೇಳಿರುವಲ್ಲಿ, ಲೋಕವಿನ್ನೂ ಹಿಂಸೆಯಿಂದ ತುಂಬಿದೆಯಲ್ಲಾ ಎಂದು ದೊರೆಯ ಇದಿರಿನಲ್ಲಿಯೇ ಕೇಳಿದನು.

ದೊರೆಯು ತನಗೆ 300 ದಿನಾರುಗಳನ್ನು ಕೊಟ್ಟು ಕಳುಹಿಸಿದನೆಂದು ನಹ್ಮಾನನೇ ಬರೆದಿರುವನು. ಆದರೆ ವಾದದ ಆ ವೃತ್ತಾಂತವನ್ನು ಬರೆದುದೇ ಅಪರಾಧವೆಂದು 1265ರಲ್ಲಿ ಸನ್ಯಾಸಿಗಳು ದೂರಿತ್ತರು. ಎಪ್ಪತ್ತು ಕಳೆದ ಆ ವೃದ್ಧನು ಹುಟ್ಟಿದ ನಾಡನ್ನು ತೊರೆದು 1267ರಲ್ಲಿ ಪ್ಯಾಲೆಸ್ತೀನನ್ನು ಸೇರಿದನು.

ಮುಳಬಾಗಿಲಿನ ವಾದದಲ್ಲಿ ಗೆದ್ದವರಾರೆಂಬ ವಿಷಯದಲ್ಲಿ ಇಂದಿಗೂ ಒಮ್ಮತವಿಲ್ಲ. ಇಬ್ಬರ ಪರಂಪರೆಗಳೂ ಉಳಿದು ಬಂದಿವೆ. ಬಾರ್ಸೆಲೋನಾದಲ್ಲಿಯಾದರೋ ದೊರೆಯಿಂದ ಕಾಣಿಕೆ ಪಡೆದವನಿಗೆ ನಿಲ್ಲಲು ನೆಲವೇ ಉಳಿಯಲಿಲ್ಲ. ಉತ್ತರ ಹೇಳುವವನಿಗೆ ಅಭಯವಿಲ್ಲದೆಡೆ ಅರ್ಥವಿಚಾರವು ಎಂದಿಗೂ ಅರ್ಥವಿಚಾರವಾಗಿಯೇ ಮುಗಿಯಲಾರದು.