ಬೆರಳಿನ ವೇಗವೋ, ಯಂತ್ರದ ವೇಗವೋ?

ನಿಮ್ಮ ತೋರುಬೆರಳಿನಿಂದ ಮೇಜನ್ನು ಒಂದು ಸೆಕೆಂಡಿಗೆ ಎಷ್ಟು ಸಲ ತಟ್ಟಬಲ್ಲಿರಿ? ಗಡಿಯಾರ ನೋಡಿಕೊಂಡು ಹತ್ತು ಸೆಕೆಂಡು ತಟ್ಟಿ, ಎಣಿಕೆಯನ್ನು ಹತ್ತರಿಂದ ಭಾಗಿಸಿ. ಭಾನುವಳ್ಳಿಯ ಮಕ್ಕಳೊಂದಿಗೆ ಈ ಪ್ರಯೋಗ ಮಾಡಿದಾಗ ಹೆಚ್ಚಿನವರ ಸರಾಸರಿ ಐದಾರಕ್ಕೆ ನಿಂತಿತು. ಅಮೆರಿಕದ ಜೆರ್ರಿ ಮಿಕುಲೆಕ್ 1999ರಲ್ಲಿ ರಿವಾಲ್ವರಿನಿಂದ ಒಂದೇ ಸೆಕೆಂಡಿನಲ್ಲಿ ಎಂಟು ಗುಂಡುಗಳನ್ನು ಹಾರಿಸಿದರು! ಮೇಜು ತಟ್ಟಲು ಬಲವೇ ಬೇಡ. ರಿವಾಲ್ವರಿನ ಟ್ರಿಗರ್ ಎಳೆಯಲು ಕೆಲವು ಕಿಲೋಗ್ರಾಂ ತೂಕ ಎತ್ತುವಷ್ಟು ಬಲ ಬೇಕು. ಹಾಗಾದರೆ ಈ ದಾಖಲೆಯ ಶ್ರೇಯಸ್ಸು ಬೆರಳಿಗೋ, ಯಂತ್ರಕ್ಕೋ?

ಇತಿಹಾಸವನ್ನು ಸ್ವಲ್ಪ ನೋಡೋಣ. 1836ರಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ಅಮೆರಿಕದಲ್ಲಿ ಪೇಟೆಂಟ್ ಪಡೆದ ರಿವಾಲ್ವರಿನಲ್ಲಿ ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಹ್ಯಾಮರನ್ನು ಹಿಂದಕ್ಕೆಳೆಯಬೇಕಿತ್ತು. ಆಗ ಸಿಲಿಂಡರ್ ತಿರುಗಿ ಮುಂದಿನ ಕೋಣೆ ನಳಿಕೆಯ ನೇರಕ್ಕೆ ಬರುತ್ತಿತ್ತು. 1851ರಲ್ಲಿ ಇಂಗ್ಲೆಂಡಿನ ರಾಬರ್ಟ್ ಆಡಮ್ಸ್ ಈ ಎರಡೂ ಕೆಲಸಗಳನ್ನು ಟ್ರಿಗರಿಗೇ ಒಪ್ಪಿಸಿದರು. ವೇಗ ಹೆಚ್ಚಿತು, ಆದರೆ ಟ್ರಿಗರ್ ಬಿಗಿಯಾಗಿ, ಎಳೆಯುವಾಗ ಗುರಿ ಅಲುಗಾಡತೊಡಗಿತು.

ಪ್ರತಿಯೊಂದು ಕೋಣೆಯೂ ನಳಿಕೆಯ ಎದುರು ಕರಾರುವಾಕ್ಕಾಗಿ ನಿಲ್ಲಬೇಕು. ಇದು ನಿಖರ ಲೋಹಗೆಲಸವಿಲ್ಲದೆ ಅಸಾಧ್ಯ. ಭಾನುವಳ್ಳಿಯ ಸಮೀಪದ ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಅಂಥ ಯಂತ್ರದ ಮುಂದೆ ನಿಂತು ದುಡಿದವರಿಗೆ ಈ ನಿಖರತೆಯ ಬೆಲೆ ಗೊತ್ತು.

1932ರ ಆಗಸ್ಟ್ 20ರಂದು ಅಮೆರಿಕದ ಎಡ್ ಮೆಕ್‌ಗಿವರ್ನ್ 15 ಅಡಿ ದೂರದ ಗುರಿಗೆ 0.45 ಸೆಕೆಂಡಿನಲ್ಲಿ ಐದು ಗುಂಡು ಹೊಡೆದರು. ಐದೂ ಗುರುತುಗಳನ್ನು ಅರ್ಧ ಡಾಲರ್ ನಾಣ್ಯವೊಂದು ಮುಚ್ಚುತ್ತಿತ್ತು. ಇಲ್ಲಿ ಇನ್ನೊಂದು ಉಪಕರಣವನ್ನು ಮರೆಯಬಾರದು: ಕಾಲಮಾಪಕ. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಸುಮಾರು 0.2 ಸೆಕೆಂಡು ಬೇಕು. ಕೈಯಿಂದ ಒತ್ತುವ ಸ್ಟಾಪ್‌ವಾಚಿನ ದೋಷವೇ ಅಳೆಯಬೇಕಾದ ಕಾಲದ ಅರ್ಧದಷ್ಟಾಗಬಹುದು! ಮೆಕ್‌ಗಿವರ್ನ್ ವಿದ್ಯುತ್ ಕಾಲಮಾಪಕಗಳನ್ನು ಬಳಸಿದ್ದರಿಂದಲೇ ಇಂಥ ಅಳತೆ ಸಾಧ್ಯವಾಯಿತು. ಒಂದೊಂದು ಗುಂಡನ್ನೂ ನೋಡಿ ಮುಂದಿನದನ್ನು ಹಾರಿಸುವಷ್ಟು ಸಮಯ ಅವರಿಗಿರಲಿಲ್ಲವೆಂಬುದೂ ಇದರಿಂದ ತಿಳಿಯುತ್ತದೆ. ಐದೂ ಸೇರಿ ಅಭ್ಯಾಸದಿಂದ ಬಂದ ಒಂದೇ ಚಲನೆ ಅದು.

ಮಿಕುಲೆಕ್ ಬಳಸಿದ್ದು ಎಂಟು ಕೋಣೆಗಳ ಸಿಲಿಂಡರ್. ಆರು ಕೋಣೆಗಳದ್ದು ಪ್ರತಿ ಗುಂಡಿಗೆ 60 ಡಿಗ್ರಿ ತಿರುಗಬೇಕು, ಎಂಟರದ್ದು 45 ಡಿಗ್ರಿ ಸಾಕು. ಆದರೆ ಸಿಲಿಂಡರ್ ದಪ್ಪವಾದಷ್ಟೂ ಅದನ್ನು ತಿರುಗಿಸುವುದೂ ನಿಲ್ಲಿಸುವುದೂ ಕಷ್ಟ. ಅದೇ ವರ್ಷ ಅವರು ಆರು ಕೋಣೆಗಳ ರಿವಾಲ್ವರಿನಲ್ಲಿ ಆರು ಗುಂಡು ಹಾರಿಸಿ, ಮತ್ತೆ ತೋಟಾ ತುಂಬಿ, ಇನ್ನಾರು ಹಾರಿಸಲು ತೆಗೆದುಕೊಂಡದ್ದು 2.99 ಸೆಕೆಂಡು. ಆರೂ ತೋಟಾಗಳನ್ನು ಒಟ್ಟಿಗೆ ಹಿಡಿಯುವ ತೆಳು ಉಕ್ಕಿನ ಬಿಲ್ಲೆ ಇದನ್ನು ಸಾಧ್ಯವಾಗಿಸಿತು. ಇದರ ಪೂರ್ವಜ, ಮೂರು ತೋಟಾಗಳ ಅರ್ಧಚಂದ್ರಾಕಾರದ ಕ್ಲಿಪ್ಪು, ಮೊದಲ ಮಹಾಯುದ್ಧದ ಕಾಲದಲ್ಲಿ 1917ರ ಅಮೆರಿಕನ್ ಸೇನಾ ರಿವಾಲ್ವರುಗಳೊಂದಿಗೆ ಬಂದಿತ್ತು.

ಈಗ ಸಂವೇಗ ಸಂರಕ್ಷಣಾ ನಿಯಮವನ್ನು ನೆನಪಿಸಿಕೊಳ್ಳಿ. 15 ಗ್ರಾಂ ಗುಂಡು ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಹೊರಟರೆ ಅದರ ಸಂವೇಗ 3.75 ಕಿ.ಗ್ರಾಂ ಮೀ/ಸೆ. ಸಿಡಿಮದ್ದಿನ ಅನಿಲವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ 1.25 ಕಿ.ಗ್ರಾಂ ರಿವಾಲ್ವರ್ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹಿಮ್ಮೆಟ್ಟಲೆತ್ನಿಸುತ್ತದೆ. ತೂಕ ಹೆಚ್ಚಿಸಿದರೆ ಈ ವೇಗ ತಗ್ಗುತ್ತದೆ. ಆದರೆ ಒಂದು ಗುರಿಯಿಂದ ಇನ್ನೊಂದಕ್ಕೆ ತಿರುಗುವುದು ನಿಧಾನವಾಗುತ್ತದೆ. ಸ್ಪ್ರಿಂಗ್ ಸಡಿಲಿಸಿದರೆ ಟ್ರಿಗರ್ ಹಗುರಾಗುತ್ತದೆ. ಅತಿಯಾದರೆ ಹ್ಯಾಮರಿನ ಪೆಟ್ಟು ಸಾಲದೆ ತೋಟಾ ಸಿಡಿಯುವುದೇ ಇಲ್ಲ. ಒಂದನ್ನು ಗಳಿಸಲು ಇನ್ನೊಂದನ್ನು ಕಳೆದುಕೊಳ್ಳಬೇಕು!

ಆದ್ದರಿಂದಲೇ ಸ್ಪರ್ಧೆಗಳಲ್ಲಿ ಉಪಕರಣಗಳಿಗೂ ನಿಯಮಗಳಿವೆ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ಐದು ಗುಂಡುಗಳಿಗೆ 8, 6, 4 ಸೆಕೆಂಡುಗಳ ಸುತ್ತುಗಳಿದ್ದವು. ಅಲ್ಲಿನದು ರಿವಾಲ್ವರಲ್ಲ, ಸ್ವಯಂಚಾಲಿತವಾಗಿ ಮುಂದಿನ ತೋಟಾ ತುಂಬಿಕೊಳ್ಳುವ ಪಿಸ್ತೂಲು. ಬೆರಳು ಮಾಡಬೇಕಾದ ಕೆಲಸದ ದೊಡ್ಡ ಪಾಲನ್ನು ತೋಟಾದ ಶಕ್ತಿಯೇ ಮಾಡುತ್ತದೆ. ಈ ಸ್ಪರ್ಧೆಯಲ್ಲಿ ಟ್ರಿಗರಿನ ಬಲ ಕನಿಷ್ಠ 1,000 ಗ್ರಾಂ ಇರಬೇಕೆಂಬ ನಿಯಮ 2005ರಲ್ಲಿ ಬಂತು. ಎರಡು ಬಗೆಯ ಆಯುಧಗಳ ವೇಗವನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಮಿಕುಲೆಕ್‌ರ ರಿವಾಲ್ವರನ್ನು ನನ್ನ ಕೈಗಿತ್ತರೆ ಎಂಟು ಗುಂಡು ಹಾರುವುದಿಲ್ಲ. ಕೋಲ್ಟ್‌ನ 1836ರ ಮಾದರಿಯನ್ನು ಅವರ ಕೈಗಿತ್ತರೂ ಹಾರುವುದಿಲ್ಲ. ದಾಖಲೆ ಎಂಬುದು ಕೈ, ಯಂತ್ರ, ಅಳತೆ ಮೂರರದ್ದೂ ಹೌದು. ಶಿಕ್ಷಕ ಮಿತ್ರರೇ, ಪ್ರಯೋಗಶಾಲೆಯಲ್ಲೂ ಅಷ್ಟೆ. ವಿದ್ಯಾರ್ಥಿ ಬರೆದ ಉತ್ತರದ ಪಕ್ಕದಲ್ಲಿ ಯಾವ ಉಪಕರಣದಿಂದ, ಹೇಗೆ ಅಳೆದದ್ದು ಎಂದು ಬರೆಸಿ. ಅದಿಲ್ಲದ ಸಂಖ್ಯೆ ಅರ್ಧ ಸತ್ಯ ಮಾತ್ರ.