ಹೆಂಡಿ ಸಾರಿಸಿದ ನೆಲದಿಂದ ಪ್ಲಾಸ್ಟಿಕ್ ಹುಲ್ಲಿನ ತನಕ

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡಿ ಮನಿ ಹಿತ್ತಲದಾಗ ಹಸರು ಹುಲ್ಲು ಯಾವಾಗ ಇತ್ತು ಹೇಳ್ರಿ? ಮಳಿಗಾಲದಾಗ ತಾನೇ ಎದ್ದಿದ್ದು ಬಿಟ್ರ, ಬೇಕಂತ ಬೆಳಸಿದ್ದು ನಾ ಕಂಡಿಲ್ಲ. ಹುಲ್ಲು ಎದ್ರ ಹಾವು ಚೇಳು ಬರ್ತಾವ ಅಂತ ಕಿತ್ತಿ ಒಗೀತಿದ್ರು. ಈಗ ಅದೇ ಹಿತ್ತಲದಾಗ ಪ್ಲಾಸ್ಟಿಕ್ ಹುಲ್ಲು ಹಾಸಿ, ನಡುವ ಒಂದು ತೂತು ಬಿಟ್ಟು, ಗಾಲ್ಫ್ ಚೆಂಡು ಉರುಳಸ್ತೀವಿ ಅನ್ನೋರು ನಮ್ಮ ಬಳಗದಾಗೇ ಹುಟ್ಯಾರ. ಮನಿ ನಾಯಿನೂ ಅದರ ಮ್ಯಾಲೇ ಆಡಬೇಕಂತ. ನಗಬ್ಯಾಡ್ರಿ. ಈ ಹುಲ್ಲು ಎಲ್ಲಿಂದ ಬಂತು, ಯಾಕ ಬಂತು ಅಂತ ತಿಳಕೊಂಡ್ರ ಹಾಕಸಬೇಕೋ ಬ್ಯಾಡೋ ನೀವೇ ಹೇಳ್ತೀರಿ.

ಸಪಾಟ ನೆಲ ಮಾಡೋದು ನಮಗ ಹೊಸಾದಲ್ಲ. ಜ್ವಾಳದ ರಾಶಿ ಮಾಡೋ ಕಣ ನೆನಸ್ರಿ. ನೆಲ ಕೆತ್ತಿ, ನೀರು ಹೊಡದು, ಎತ್ತು ತುಳಿಸಿ, ಕಲ್ಲಿನ ಗುಂಡು ಉರುಳಿಸಿ, ಮ್ಯಾಲ ಹೆಂಡಿ ಸಾರಿಸಿದ್ರ ಒಂದು ಕಾಳು ಸೈತ ಬಿರುಕಿನಾಗ ಸಿಗ್ತಿದ್ದಿಲ್ಲ. ಮನಿ ಅಂಗಳನೂ ಹಂಗೇ. ಮುಂಜಾನೆ ಥಳಿ, ವಾರಕ್ಕೊಮ್ಮೆ ಸಾರಣಿ. ಎಮ್ಮಿ, ಆಕಳ, ಕೋಳಿ ಎಲ್ಲಾ ಅದರ ಮ್ಯಾಲೇ. ಉಚ್ಚಿ ಹೊಯ್ದ್ರ ಮಣ್ಣು ಕುಡೀತಿತ್ತು. ಬರಿಗಾಲಿಲೆ ನಡದ್ರ ತಣ್ಣಗಿರ್ತಿತ್ತು.

ಆ ನೆಲ ಎಷ್ಟು ಛಲೋ ಇತ್ತು ಅಂತ ಈಗ ಹೇಳೋರು ಬಹುತೇಕ ಗಂಡಸರು. ನಡ ಬಗ್ಗಿಸಿ ಸಾರಿಸಿದೋರು ನಾವು.

ಅದಕ್ಕೇ ಫರಸಿ ಬಂದಾಗ ಯಾರೂ ಅಳಲಿಲ್ಲ. ಶಹಾಬಾದ ಕಲ್ಲು ಸುಣ್ಣದ ಕಲ್ಲು, ಪದರು ಪದರಾಗಿ ಸಪಾಟ ಎದ್ದು ಬರ್ತದ. 1871ರಾಗ ಮುಂಬೈ ಮತ್ತು ಮದ್ರಾಸಿನ ರೈಲು ಹಳಿ ರಾಯಚೂರಾಗ ಬಂದು ಕೂಡಿದ್ವು. ಶಹಾಬಾದ ಅದೇ ಹಾದಿಮ್ಯಾಲಿತ್ತು. ನಮ್ಮ ನೆಲದ ಕಲ್ಲು ದೂರ ದೂರದ ಊರಿಗಿ ಹೋಯಿತು, ನಮ್ಮ ಮನಿಗೂ ಬಂತು. ಒಂದು ಕೊಡ ನೀರು ಸುರವಿ ಕಸಬರಗಿ ಎಳದ್ರ ಮುಗೀತು. ಆದ್ರ ಬ್ಯಾಸಗಿ ಮಧ್ಯಾಹ್ನ ಫರಸಿಮ್ಯಾಲ ಕಾಲಿಟ್ಟೋರಿಗಿ ಗೊತ್ತದ, ಅದು ಹೆಂಚಿನಂಗ ಕಾಯ್ತದ.

ಇನ್ನ ಗಾಲ್ಫ್ ಕಥಿ. ಅದು ಸ್ಕಾಟ್ಲೆಂಡಿನ ಸಮುದ್ರದ ದಂಡಿಮ್ಯಾಲಿನ ಆಟ. ಅಲ್ಲಿ ಮಳಿಗಿ ಬರ ಇಲ್ಲ, ಹುಲ್ಲು ತಾನೇ ಬೆಳೀತದ, ಕುರಿ ಮೇಯ್ದು ಗಿಡ್ಡ ಮಾಡ್ತಿದ್ವು. ಇಂಗ್ಲಿಷರು 1829ರಾಗ ಕಲಕತ್ತಾದಾಗ, 1876ರಾಗ ಬೆಂಗಳೂರಾಗ ಕ್ಲಬ್ ಮಾಡಿದ್ರು. ನೀರಿಲ್ಲದ ಊರಾಗ ಏನು ಮಾಡ್ತಿದ್ರು ಗೊತ್ತದೇನು? ಉಸುಕಿಗಿ ಎಣ್ಣಿ ಕಲಸಿ, ಬಡದು ಸಪಾಟ ಮಾಡಿ, ಅದಕ್ಕ ‘ಗ್ರೀನ್’ ಅನ್ನೋದು ಬಿಟ್ಟು ‘ಬ್ರೌನ್’ ಅಂತ ಕರೀತಿದ್ರು. ಒಬ್ಬೊಬ್ಬರ ಆಟ ಮುಗದ ಮ್ಯಾಲ ಮತ್ತ ಎಳದು ಸರಿ ಮಾಡಬೇಕು. ಅವರದು ಎಣ್ಣಿ, ನಮ್ಮದು ಹೆಂಡಿ, ಅಷ್ಟೇ ಫರಕು!

ಪ್ಲಾಸ್ಟಿಕ್ ಹುಲ್ಲು ಹುಟ್ಟಿದ್ದು ಅಮೆರಿಕದಾಗ. 1964ರಾಗ ರೋಡ್ ಐಲ್ಯಾಂಡಿನ ಒಂದು ಸಾಲಿಗಿ ಮೊದಲ ಹಾಸಿದ್ರು. ಹೆಸರಾಗಿದ್ದು ಹ್ಯೂಸ್ಟನ್ ಊರಾಗ. ಅಲ್ಲಿ ಆಸ್ಟ್ರೋಡೋಮ್ ಅಂತ ಛತ್ ಇದ್ದ ಸ್ಟೇಡಿಯಂ ಕಟ್ಟಿದ್ರು. ಛತ್ತಿನ ಗಾಜಿನಂಥ ಫಲಕದಿಂದ ಬರೋ ಬೆಳಕಿಗಿ ಆಟಗಾರರ ಕಣ್ಣು ಕುಕ್ಕಲತ್ತಿದ್ವು ಅಂತ ಬಣ್ಣ ಬಳದ್ರು. ಬಿಸಲಿಲ್ಲದ ಹುಲ್ಲು ಸತ್ತು ಹೋಯಿತು. 1966ರಾಗ ಪ್ಲಾಸ್ಟಿಕ್ ಹಾಸಿ, ಆಸ್ಟ್ರೋಟರ್ಫ್ ಅಂತ ಹೆಸರಿಟ್ರು. ಅಂದ್ರ ಇದು ನೆರಳಿಗಿ ಹುಟ್ಟಿದ್ದು, ನಮ್ಮಂಥ ಉರಿಬಿಸಲಿಗಿ ಅಲ್ಲ. ಇದರ ಪೆಟ್ಟು ನಮ್ಮ ದೇಶಕ್ಕೂ ಬಿತ್ತು. 1975ರಾಗ ಹುಲ್ಲಿನ ಮೈದಾನದಾಗ ಹಾಕಿ ವಿಶ್ವಕಪ್ ಗೆದ್ದ ಭಾರತ, ಮುಂದಿನ ವರ್ಷ ಮಾಂಟ್ರಿಯಲ್ ಒಲಿಂಪಿಕ್ಸಿನಾಗ ಪ್ಲಾಸ್ಟಿಕ್ ಮ್ಯಾಲ ಆಡಿ ಏಳನೇ ನಂಬರಿಗಿ ಇಳೀತು.

ಮನಿ ಹಿತ್ತಲಕ್ಕ ಇದು ಬಂದಿದ್ದು ನೀರಿನ ತ್ರಾಸಿನಿಂದ. ನಮ್ಮ ಮಂದಿ ಭಾಳ ಜನ ಇರೋ ಕ್ಯಾಲಿಫೋರ್ನಿಯಾದಾಗ ಬರಗಾಲ ಬಿದ್ದಾಗ, 2015ರಾಗ ಸರಕಾರ ಕಾಯ್ದಾ ಮಾಡಿ, ಮನಿ ಮಾಲಕರ ಸಂಘ ಪ್ಲಾಸ್ಟಿಕ್ ಹುಲ್ಲಿಗಿ ಬ್ಯಾಡ ಅನ್ನಂಗಿಲ್ಲ ಅಂತು. ಎಂಟೇ ವರ್ಷ. 2023ರಾಗ ಅದೇ ಸರಕಾರ, ಊರು ಊರಿನವರು ಬೇಕಾದ್ರ ಇದನ್ನ ನಿಲ್ಲಸಬಹುದು ಅಂತ ತಿರುಗಿಸ್ತು.

ಮನಸು ತಿರುಗಲಾಕ ಕಾವೂ ಒಂದು ಕಾರಣ. 2002ರಾಗ ಯೂಟಾದ ಬ್ರಿಗ್‌ಹ್ಯಾಮ್ ಯಂಗ್ ವಿಶ್ವವಿದ್ಯಾಲಯದವರು ತಮ್ಮ ಮೈದಾನ ಅಳದ್ರು. ಗಾಳಿ 37 ಡಿಗ್ರಿ ಇದ್ದ ದಿನ ಪ್ಲಾಸ್ಟಿಕ್ ಹುಲ್ಲು 93 ಡಿಗ್ರಿಗಿ ಏರಿತ್ತು. ನೀರು ಹೊಡದ್ರ ತಣ್ಣಗಾಯಿತು ಖರೆ, ಇಪ್ಪತ್ತು ನಿಮಿಷದಾಗ ಮತ್ತ 70 ದಾಟಿತು. ನಮ್ಮ ಕಡಿ ಏಪ್ರಿಲ್ ಮೇದಾಗ ಗಾಳಿನೇ 42, 43. ನಾಯಿ ಚಪ್ಪಲಿ ಹಾಕ್ಕೊಂಡು ತಿರಗಲ್ಲ, ಅಂಬೆಗಾಲಿಡೋ ಕೂಸೂ ಹಂಗೇ.

ಅಷ್ಟಾದ್ರೂ ಹಾಕಸೇ ಹಾಕಸ್ತೀವಿ ಅಂದ್ರ, ಮ್ಯಾಲಿನ ಹುಲ್ಲಿಗಿಂತ ಕೆಳಗಿನ ನೆಲ ನೋಡ್ರಿ. ನಮ್ಮದು ಎರಿ ಮಣ್ಣು, ಮಳಿಗಿ ಉಬ್ತದ, ಬ್ಯಾಸಗಿಗಿ ಬಾಯಿ ಬಿಡ್ತದ. ಅದರ ಮ್ಯಾಲೇ ಹಾಸಿದ್ರ ಚೆಂಡು ಉರುಳೋ ಹಸರು ಒಂದೇ ಮಳಿಗಾಲಕ್ಕ ಡೊಂಕಾಗ್ತದ. ಎರಿ ತೆಗಸಿ, ಗರಸು ತುಂಬಿ, ಕಣ ಬಡದಂಗ ಬಡಸಬೇಕು. ನೀರು ಹರದು ಹೋಗಲಾಕ ಇಳಿಜಾರು ಇರಲಿ, ಹಾಸಿನ ಬೆನ್ನಿಗಿ ತೂತು ಇರಲಿ. ಇಲ್ಲಂದ್ರ ನಾಯಿ ಉಚ್ಚಿ ಅಲ್ಲೇ ನಿಂತು ಅಮೋನಿಯಾ ವಾಸನಿ ಹೊಡೀತದ. ಎಳಿ ನಡುವ ಹಳೇ ಟೈರಿನ ರಬ್ಬರ್ ಪುಡಿ ಬ್ಯಾಡ್ರಿ, ಅದು ಇನ್ನಾ ಕಾಯ್ತದ. ಉಸುಕು ನಡೀತದ. ಜಿಯೋಲೈಟ್ ಅನ್ನೋ ಕಲ್ಲಿನ ಪುಡಿ ವಾಸನಿ ಹಿಡಕೋತದ. ಮ್ಯಾಲ ಬೇವಿನ ನೆರಳಿದ್ರ ಎಲ್ಲಕ್ಕಿಂತ ಛಲೋ. ದಿನಾ ಪೈಪ್ ಹಿಡದು ತೊಳಿಯೋರು ಯಾರು ಅನ್ನೋದು ಮಾತ್ರ ರೊಕ್ಕ ಕೊಡೋ ಮೊದಲೇ ಮನ್ಯಾಗ ಮಾತಾಡಕೋರಿ, ಆಮ್ಯಾಲ ಅದು ನಮ್ಮ ಪಾಲಿಗೇ ಬರ್ತದ.

ಅಂಗಡ್ಯಾಗ ಸ್ಯಾಂಪಲ್ ತುಂಡು ಕೊಡ್ತಾರ. ಮೊಳದಷ್ಟು ತಂದು ಬ್ಯಾಸಗಿದಾಗ ಹಿತ್ತಲದಾಗ ಇಡ್ರಿ, ಒಂದು ಕಡಿ ಫರಸಿ, ಒಂದು ಕಡಿ ಬರೇ ಮಣ್ಣು. ಮಧ್ಯಾಹ್ನ ಎರಡಕ್ಕ ಮೂರರ ಮ್ಯಾಲೂ ಅಂಗೈ ಇಟ್ಟು ಏಳರ ತನಕ ಎಣಿಸ್ರಿ. ಕೈ ತಡಿಯಲಿಲ್ಲ ಅಂದ್ರ ನಾಯಿ ಕಾಲೂ ತಡಿಯಲ್ಲ.